ಹಲ್ಲು ಹಿಡಿದಿರುವ ಎಲುಬು: ಕುಡಿತದ ಪಾಲೆಷ್ಟು, ಚಹಾದ ಪಾಲೆಷ್ಟು

(ಗಂಗಾವತಿ ಸಮೀಪದ ಹಳ್ಳಿಯೊಂದರಲ್ಲಿ ಸ್ವಸಹಾಯ ಸಂಘದ ಮಹಿಳೆಯರ ಸಭೆಯಲ್ಲಿ ದಂತವೈದ್ಯೆಯೊಬ್ಬರು ಆಡಿದ ಮಾತು)

ಅವ್ವಂದಿರೇ, ಅಕ್ಕ-ತಂಗಿಯರೇ, ಬಾಗಿಲ ಹತ್ತಿರ ನಿಂತಿರುವ ಅಣ್ಣಂದಿರೇ, ಎಲ್ಲರಿಗೂ ಶರಣು.

ನಾಟಿ ಹಚ್ಚಿ, ಕೈಕಾಲು ತೊಳೆದುಕೊಂಡು ನೇರ ಇಲ್ಲಿಗೇ ಬಂದಿದ್ದೀರಿ. ಸುತ್ತಿ ಬಳಸಿ ಮಾತಾಡುವುದಿಲ್ಲ.

ಈ ಸಣ್ಣ ಬಾಟಲಿಯಲ್ಲಿ ಒಂದು ಹಲ್ಲಿದೆ. ಯಾರದೋ ಅವರ ಒಪ್ಪಿಗೆ ಪಡೆದೇ ಇಟ್ಟುಕೊಂಡಿದ್ದೇನೆ. ಮುಚ್ಚಳ ತೆಗೆಯದೆ ಕೈಯಿಂದ ಕೈಗೆ ದಾಟಿಸಿ, ಬೆಳಕಿಗೆ ಹಿಡಿದು ನೋಡಿ. ಎಲ್ಲಿಯೂ ಹುಳ ಹಿಡಿದಿಲ್ಲ, ತೂತಿಲ್ಲ, ಮುರಿದಿಲ್ಲ. ಇನ್ನು ಇಪ್ಪತ್ತು ವರ್ಷ ರೊಟ್ಟಿ ಜಗಿಯಬಹುದಾಗಿದ್ದ ಹಲ್ಲು ಅದು. ಈಗ ಬೇರಿನ ಕಡೆ ನೋಡಿ. ಕರಿಗಂದು ಬಣ್ಣದ ಕಲ್ಲಿನಂಥ ಪದರ ಕಾಣುತ್ತದಲ್ಲ, ಅದು ಪಾಚಿ ಗಟ್ಟಿಯಾದದ್ದು. ಮೇಲಿನಿಂದ ಇಳಿಯುತ್ತಾ ಇಳಿಯುತ್ತಾ ಬೇರಿನ ತುದಿಗೆ ಒಂದು ಜೋಳದ ಕಾಳಿನಷ್ಟು ಜಾಗ ಬಿಟ್ಟು ನಿಂತಿದೆ. ಕಿತ್ತ ದಿನ ಈ ಹಲ್ಲನ್ನು ಎಲುಬು ಹಿಡಿದುಕೊಂಡಿದ್ದದ್ದು ಆ ಜೋಳದ ಕಾಳಿನಷ್ಟು ಮಾತ್ರ. ಇಕ್ಕಳ ಹಿಡಿದೆ, ಬಂದುಬಿಟ್ಟಿತು. ಎಳೆಯಬೇಕಾಗಲೇ ಇಲ್ಲ.

ಇದರ ಯಜಮಾನರು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲರು. ಹೆಂಡತಿಯೇ ಕರೆದುಕೊಂಡು ಬಂದಿದ್ದರು. ಕುರ್ಚಿಯ ಮೇಲೆ ಕೂರಿಸುವ ಮೊದಲೇ ಆಕೆ ಶುರು ಮಾಡಿದರು: “ಚಾ ಭಾಳ ಕುಡಿತಾರ್ರಿ ಮೇಡಂ, ಅದಕ್ಕ ಹಲ್ಲು ಅಳ್ಳಾಡಾಕತ್ತಾವು. ಮನ್ಯಾಗ ಚಾಪುಡಿ ತರೋದ ಬಿಟ್ಟೀನ್ರಿ.” ಅವರು ಸುಮ್ಮನೆ ಕೂತಿದ್ದರು. ಸಂಜೆ ಏನು ತಗೋತೀರಿ ಅಂತ ನಾನು ಕೇಳಿದೆ. “ಮೈಕೈ ನೋವಿಗೆ ಒಂದು ಕ್ವಾಟ್ರು, ಅಷ್ಟರಿ” ಅಂದರು. ಎಷ್ಟು ವರ್ಷದಿಂದ ಅಂದೆ. ಹದಿನೈದಿರಬೇಕು ಅಂದರು. ಆ ಮನೆಯಲ್ಲಿ ಚಹಾದ ಮೇಲೆ ತಪ್ಪು ಹೊರಿಸಿದ್ದರು, ಕ್ವಾರ್ಟರನ್ನು ಯಾರೂ ಕೇಳಿರಲಿಲ್ಲ. ನನ್ನ ಹತ್ತಿರ ಬರುವ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ. ಆ ಲೆಕ್ಕ ತಿರುಗಿಸಿ ಹಾಕಬೇಕು ಅಂತಲೇ ನಾನು ಇಲ್ಲಿ ನಿಂತಿರುವುದು.

ಹಲ್ಲು ನಿಂತಿರುವುದು ಒಸಡಿನಲ್ಲಿ ಅಂತ ತುಂಬಾ ಜನ ತಿಳಿದಿದ್ದಾರೆ. ಒಸಡು ಮೇಲಿನ ಹೊದಿಕೆ ಅಷ್ಟೇ. ಹಿಡಿದುಕೊಂಡಿರುವುದು ಅದರ ಒಳಗಿನ ದವಡೆಯ ಎಲುಬು. ಹಳ್ಳದ ದಂಡೆಯ ಬೇವಿನ ಮರ ನೋಡಿದ್ದೀರಲ್ಲ, ಪ್ರತಿ ಮಳೆಗಾಲ ಬುಡದ ಮಣ್ಣು ಸ್ವಲ್ಪ ಸ್ವಲ್ಪ ಕೊಚ್ಚಿಕೊಂಡು ಹೋಗುತ್ತದೆ. ಮರ ಹಸಿರಾಗಿಯೇ ಇರುತ್ತದೆ. ಒಂದು ವರ್ಷ ವಾಲುತ್ತದೆ. ಹಲ್ಲಿಗೂ ಹಾಗೆಯೇ. ಎಲುಬು ಕರಗುವಾಗ ನೋವಿರುವುದಿಲ್ಲ. ಹುಳ ಹಿಡಿದ ಹಲ್ಲು ರಾತ್ರಿ ನಿದ್ದೆ ಕೆಡಿಸಿ ನನ್ನ ಹತ್ತಿರ ಓಡಿಸುತ್ತದೆ, ಎಲುಬು ಮಾತ್ರ ಒಂದು ಮಾತೂ ಆಡದೆ ಹೋಗುತ್ತದೆ. ಉಜ್ಜುವಾಗ ರಕ್ತ ಬರುವುದು, ಬಾಯಿ ವಾಸನೆ, ಹಲ್ಲಿನ ನಡುವೆ ಮೊದಲಿರದ ಸಂದು, ಇಷ್ಟೇ ಅದು ಕೊಡುವ ಸುಳಿವು.

ಎಲುಬು ಕಲ್ಲಿನ ಹಾಗೆ ಒಮ್ಮೆ ಆಗಿ ಮುಗಿದುಹೋದದ್ದಲ್ಲ. ಅಲ್ಲಿ ದಿನವೂ ಕೆಲಸ ನಡೆಯುತ್ತದೆ. ಹಳೆಯದನ್ನು ಒಡೆದು ತೆಗೆಯುವ ಕಣಗಳಿವೆ, ಹೊಸದು ಕಟ್ಟುವ ಕಣಗಳಿವೆ. ಒಡೆಯುವ ಆಳು, ಕಟ್ಟುವ ಗೌಂಡಿ ಅಂತ ಇಟ್ಟುಕೊಳ್ಳಿ. ಇಬ್ಬರ ಕೆಲಸ ಸರಿಸಮ ನಡೆದರೆ ಗೋಡೆ ಗಟ್ಟಿ. ಹಲ್ಲಿನ ಸುತ್ತಲಿನ ಎಲುಬಿನಲ್ಲಿ ಈ ಕೆಲಸ ದೇಹದ ಬೇರೆ ಎಲುಬುಗಳಿಗಿಂತ ಬಿರುಸು. ಹಾಗಾಗಿ ಕೆಟ್ಟದ್ದೂ ಅಲ್ಲಿ ಬೇಗ ಕಾಣುತ್ತದೆ.

ಕುಡಿತ ಮೊದಲು ಕೂರಿಸುವುದು ಗೌಂಡಿಯನ್ನು. ಹೆಂಡದಲ್ಲಿರುವ ಆಲ್ಕೋಹಾಲ್ ಕಟ್ಟುವ ಕಣಗಳ ಕೆಲಸವನ್ನು ನೇರವಾಗಿ ತಗ್ಗಿಸುತ್ತದೆ, ಒಡೆಯುವ ಆಳು ಮಾತ್ರ ಕೆಲಸ ಬಿಡುವುದಿಲ್ಲ. ಗೌಂಡಿ ಎದ್ದು ನಿಂತರೂ ಸಾಮಾನು ಬೇಕಲ್ಲ. ಸುಣ್ಣ, ಅಂದರೆ ಕ್ಯಾಲ್ಸಿಯಂ, ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ವಿಟಮಿನ್ ಡಿ ಬೇಕು. ಆ ವಿಟಮಿನ್ ಮೊದಲು ಲಿವರಿನಲ್ಲಿ ಹದವಾಗಬೇಕು. ಕುಡಿಯುವವರಲ್ಲಿ ಲಿವರೇ ಸೋತಿರುತ್ತದೆ. ಇದ್ದ ಸುಣ್ಣವೂ ಮೂತ್ರದಲ್ಲಿ ಹೆಚ್ಚು ಹೊರಗೆ ಹೋಗುತ್ತದೆ. ವರ್ಷಗಟ್ಟಲೆ ಕುಡಿದ ಗಂಡಸರಲ್ಲಿ ಎಲುಬನ್ನು ಕಾಯುವ ಹಾರ್ಮೋನು ಕಡಿಮೆಯಾಗುತ್ತದೆ, ಎಲುಬು ಸವೆಸುವ ಕಾರ್ಟಿಸೋಲ್ ಅನ್ನುವ ಇನ್ನೊಂದು ಹಾರ್ಮೋನು ಏರುತ್ತದೆ.

ಇದು ಮೈಯ ಎಲ್ಲ ಎಲುಬಿನ ಕಥೆ. ಬಾಯಿಯಲ್ಲಿ ಇನ್ನೊಂದು ಸೇರುತ್ತದೆ. ಕುಡಿದವರ ಬಾಯಿ ಒಣಗುತ್ತದೆ. ಬಾಯಿಯನ್ನು ಹಗಲು ರಾತ್ರಿ ತೊಳೆಯುವುದು ಜೊಲ್ಲು. ಅದಿಲ್ಲದಿದ್ದರೆ ಪಾಚಿ ಬೆಳೆದು, ಒಸಡು ಬಾತು, ಕೆಳಗಿನ ಎಲುಬು ಕರಗಿಸುವ ರೋಗ ಹಿಡಿಯುತ್ತದೆ. ಪಾಚಿಯೊಂದಿಗೆ ಸೆಣಸಬೇಕಾದ ಬಿಳಿ ರಕ್ತಕಣಗಳೂ ಕುಡಿತದಿಂದ ಮಂಕಾಗುತ್ತವೆ. ರಾತ್ರಿ ಕುಡಿದು ಬಂದವರು ಹಲ್ಲುಜ್ಜಿ ಮಲಗುತ್ತಾರೆಯೇ? ಊಟ ಮಾಡಿದ್ದರೆ ಅದೇ ದೊಡ್ಡದು. ಕುಡಿತ ಹೆಚ್ಚಾದಷ್ಟೂ ಒಸಡಿನ ರೋಗವೂ ಹೆಚ್ಚುತ್ತದೆ ಅನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ಅಳತೆ ಹೇಳಿಬಿಡುತ್ತೇನೆ. 180 ಮಿಲಿ ವಿಸ್ಕಿಯಲ್ಲಿ, ನಮ್ಮವರು ಕ್ವಾಟ್ರು ಅನ್ನುವುದರಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ‘ನೈಂಟಿ’ಯಲ್ಲಿ 30 ಗ್ರಾಂ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಸುರಕ್ಷಿತ ಪ್ರಮಾಣ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. “ನಂದು ಬರೇ ನೈಂಟಿ ರೀ” ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಜೊತೆಗೆ ಗುಟ್ಕಾ, ತಂಬಾಕು ಇದ್ದರೆ ಎಲುಬಿನ ಮಾತು ಹಿಂದೆ ಬೀಳುತ್ತದೆ, ಬಾಯಿ ಕ್ಯಾನ್ಸರ್ ಮುಂದೆ ಬರುತ್ತದೆ. ಎರಡೂ ಕೂಡಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ಈ ಭಾಗದ ಹೆಣ್ಣುಮಕ್ಕಳಿಗೆ ಕುಡಿತದ ಕೇಡು ಹೇಳಿಕೊಡುವಷ್ಟು ನಾನು ದೊಡ್ಡವಳಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಆದರೆ ಕುಡಿತ ನಿಲ್ಲಲಿಲ್ಲ ಅನ್ನುವುದನ್ನು ನಿಮ್ಮ ಮನೆಗಳಲ್ಲೇ ಕಂಡಿದ್ದೀರಿ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ನಡೆದಾಗ ರಾಯಚೂರು ಕಡೆಯವರು ಮುಂದಿದ್ದರು. ಮನೆ ಹಾಳಾಗುವುದು, ಹೊಡೆತ, ಸಾಲ, ಇವು ನಿಮಗೆ ಗೊತ್ತು. ಹಲ್ಲೂ ಆ ಲೆಕ್ಕದಲ್ಲಿ ಸೇರಬೇಕು ಅನ್ನುವುದಷ್ಟೇ ನನ್ನ ಮಾತು.

ಇನ್ನು ಚಹಾ.

ಚಹಾ, ಕಾಫಿಯಲ್ಲಿರುವ ಕೆಫೀನು ಕುಡಿದ ಕೆಲವು ತಾಸು ಮೂತ್ರದಲ್ಲಿ ಸುಣ್ಣದ ಅಂಶವನ್ನು ಸ್ವಲ್ಪ ಹೊರಹಾಕಿಸುತ್ತದೆ. ಇದು ನಿಜ. ಎಷ್ಟು? ಒಂದು ಕಪ್ ಕಾಫಿಗೆ ಹೆಚ್ಚೆಂದರೆ ನಾಲ್ಕೈದು ಮಿಲಿಗ್ರಾಂ. ಎರಡು ಚಮಚ ಹಾಲು ಅದನ್ನು ತುಂಬಿಕೊಡುತ್ತದೆ. ನಮ್ಮ ಚಹಾ ಹಾಲು ಹಾಕಿಯೇ ಕುದಿಸಿದ್ದಲ್ಲವೇ! ಅಮೆರಿಕದ ಬಾಸ್ಟನ್ನಿನಲ್ಲಿ 1,152 ಗಂಡಸರ ಬಾಯಿಯನ್ನು 30 ವರ್ಷ ಪರೀಕ್ಷಿಸಿದ ದಾಖಲೆಗಳಿವೆ. ಹೆಚ್ಚು ಕಾಫಿ ಕುಡಿದವರಲ್ಲಿ ಎಲುಬು ಕರಗಿದ ಹಲ್ಲುಗಳು ಹೆಚ್ಚಿರಲಿಲ್ಲ, ತುಸು ಕಡಿಮೆಯೇ ಇದ್ದವು. ಕಾಫಿ ಹಲ್ಲಿಗೆ ಔಷಧಿ ಅಂತ ಇದರಿಂದ ಹೇಳಬಾರದು. ಆದರೆ ಎಲುಬು ಕದಿಯುವ ಕಳ್ಳ ಅಂತಲೂ ಹೇಳಲಾಗದು. ಇಲಿಗಳಿಗೆ ಬಹಳ ಕೆಫೀನು ಕೊಟ್ಟಾಗ ಎಲುಬಿಗೆ ಕೇಡಾಗಿದೆ, ನಿಜ. ಆದರೆ ಅದು ನಾವು ನೀವು ಕುಡಿಯುವ ಪ್ರಮಾಣವಲ್ಲ.

ದಿನಕ್ಕೆ 300 ಮಿಲಿಗ್ರಾಂ ಕೆಫೀನು ಮೀರಬೇಡಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2024ರ ಆಹಾರ ಸೂಚಿಯಲ್ಲಿ ಹೇಳಿದೆ. 150 ಮಿಲಿ ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ನಮ್ಮ ಹೋಟೆಲಿನ ಗ್ಲಾಸು ಅದರ ಅರ್ಧಕ್ಕಿಂತ ಸಣ್ಣದು. ಆರು ಗ್ಲಾಸು ಕುಡಿದರೂ 200 ದಾಟುವುದು ಕಷ್ಟ. ಅದೇ ಆರು ಗ್ಲಾಸಿನ ಸಕ್ಕರೆ ಲೆಕ್ಕ ಹಾಕಿ. ಹುಳ ಹಿಡಿಸುವುದು ಅದು.

ಹಾಗಾದರೆ ಚಿಂತೆಯೇ ಇಲ್ಲವೇ? ಇದೆ, ಆದರೆ ಅದು ಗ್ಲಾಸಿನಲ್ಲಿಲ್ಲ, ತಾಟಿನಲ್ಲಿದೆ. ಊಟದಲ್ಲಿ ಸುಣ್ಣದ ಅಂಶ ಕಡಿಮೆಯಿದ್ದು, ಅದರ ಮೇಲೆ ಬರೀ ಚಹಾದಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಆ ನಾಲ್ಕೈದು ಮಿಲಿಗ್ರಾಮೂ ಭಾರವಾಗುತ್ತದೆ. ನಮ್ಮ ಬಿಳಿಜೋಳ ಒಳ್ಳೆಯ ಧಾನ್ಯ, ಆದರೆ ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಮಿನೊಳಗೆ. ಅಕ್ಕಿಯಲ್ಲಿ ಇನ್ನೂ ಕಡಿಮೆ. ದೊಡ್ಡವರಿಗೆ ದಿನಕ್ಕೆ 1000 ಬೇಕು, ಮುಟ್ಟು ನಿಂತ ಅವ್ವಂದಿರಿಗೆ 1200. ಮುಟ್ಟು ನಿಂತ ಮೇಲೆ ಎಲುಬು ಸವೆಯುವುದು ಹೇಗೂ ಜೋರಾಗುತ್ತದೆ. ಮನೆಯವರೆಲ್ಲ ಉಂಡು ಉಳಿದ ಅನ್ನ-ಸಾರು ಉಂಡು, ಹೊಲಕ್ಕೆ ಹೋಗುವಾಗ ಚಹಾ ಕುಡಿದು ಹಸಿವು ಮರೆಸುವ ತಾಯಂದಿರು ಇಲ್ಲೇ ಕೂತಿದ್ದೀರಿ. ನನಗೆ ಭಯ ನಿಮ್ಮ ಬಗ್ಗೆಯೇ.

ಸಂಕ್ರಾಂತಿಗೆ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತೀರಲ್ಲ, ಅದನ್ನು ಹಬ್ಬಕ್ಕಷ್ಟೇ ಯಾಕೆ ಇಡುತ್ತೀರಿ? ನೂರು ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಮಿಗೂ ಮೇಲೆ ಕ್ಯಾಲ್ಸಿಯಂ ಇದೆ. ಗುರೆಳ್ಳು ಚಟ್ನಿ, ನುಗ್ಗೆ ಸೊಪ್ಪು, ಮೊಸರು, ಮಜ್ಜಿಗೆ, ವಾರಕ್ಕೆ ಮೂರ್ನಾಲ್ಕು ಸಲ ರಾಗಿ ಅಂಬಲಿ. ಚಹಾವನ್ನು ಊಟಕ್ಕೆ ಒಂದು ತಾಸು ಹಿಂದೆ ಅಥವಾ ಒಂದು ತಾಸು ಮುಂದೆ ಇಡಿ. ಊಟದ ಜೊತೆಗೇ ಕುಡಿದರೆ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ, ರಕ್ತಹೀನತೆ ನಮ್ಮಲ್ಲಿ ಮೊದಲೇ ಇದೆ.

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಗೆ ಇನ್ನೊಂದು ಮಾತು ಸೇರಿಸಲೇಬೇಕು. ನಮ್ಮ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುವುದು ಅದರಿಂದಲೇ, ಮುಂದೆ ಎಲುಬು ಗಡುಸಾಗಿ ಪೆಡಸಾಗುವುದೂ ಅದರಿಂದಲೇ. ಚಹಾ ಎಲೆಯಲ್ಲೂ ಫ್ಲೋರೈಡ್ ಇರುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಚಹಾಕ್ಕೂ ಶುದ್ಧೀಕರಣ ಘಟಕದ ನೀರನ್ನೇ ಹಾಕಿ. ಕುಡಿಯಲು ಬೇರೆ, ಚಹಾಕ್ಕೆ ಬೋರಿನದು ಅಂತ ಮಾಡಬೇಡಿ.

ಹುಡುಗರು ಕುಡಿಯುವ ಎನರ್ಜಿ ಡ್ರಿಂಕು ಚಹಾ ಅಲ್ಲ. ಅದರಲ್ಲಿ ಕೆಫೀನಿನ ಜೊತೆ ಹುಳಿ, ಸಕ್ಕರೆ ಇವೆ, ಹಾಲು ಒಂದು ಹನಿಯಿಲ್ಲ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಅಲ್ಲ ಅಂತ ಬಾಟಲಿಯ ಮೇಲೆಯೇ ಬರೆದಿರುತ್ತದೆ. ಓದಿಸಿ.

ಹಲ್ಲುನೋವಿಗೆ ಬ್ರ್ಯಾಂಡಿ ಹಿಡಿದುಕೊಳ್ಳುವ ರೂಢಿ ಇದೆಯಲ್ಲ, ಅದು ಬೇಡ. ಒಸಡು ಸುಟ್ಟು, ಹಾಲಿನ ಕೆನೆಯಂತೆ ಬಿಳಿಚಿ ಸುಲಿದು ಬರುತ್ತದೆ, ನಾನು ನೋಡಿದ್ದೇನೆ. ಹಲ್ಲಿಗೆ ನಾವು ಬರೆದುಕೊಡುವ ಮಾತ್ರೆಗಳಲ್ಲಿ ಮೆಟ್ರೋನಿಡಜೋಲ್ ಅಂತ ಒಂದಿರುತ್ತದೆ. ಅದರ ಮೇಲೆ ಕುಡಿದರೆ ವಾಂತಿ, ಎದೆ ಬಡಿತ, ಮುಖ ಕೆಂಪೇರಿ ಒದ್ದಾಡಬಹುದು. ಹಲ್ಲು ಕಿತ್ತ ಮೇಲೆ ಕುಡಿದರೆ ಗುಣಿ ಬೇಗ ಮಾಯುವುದಿಲ್ಲ. ಕುಡಿಯದಿದ್ದರೂ ಹಲ್ಲು ಹೋದ ಕಡೆ ಒಂದು ವರ್ಷದಲ್ಲಿ ದವಡೆಯ ಅಗಲ ಸುಮಾರು ಅರ್ಧಕ್ಕಿಳಿಯುತ್ತದೆ. ಆಮೇಲೆ ಕಟ್ಟಿಸಿದ ಸೆಟ್ಟು ಕೂರುವುದಕ್ಕೆ ದಿಣ್ಣೆಯೇ ಇರುವುದಿಲ್ಲ.

ಬಿಡಿಸಬೇಕು ಅನ್ನುವವರು ಒಂದು ನೆನಪಿಡಿ. ಹತ್ತಾರು ವರ್ಷ ದಿನವೂ ಕುಡಿದವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬಾರದು. ಕೈ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಕಲಬೆರಕೆ ಸೇಂದಿಗೆ ಅಂಟಿದವರಿಗಂತೂ ಇನ್ನೂ ಕಷ್ಟ. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆ ಹಮಾಲ ಅಣ್ಣ ಹಾಗೆಯೇ ಬಿಟ್ಟರು, ಎರಡು ಸಲ ಜಾರಿ ಮೂರನೆಯ ಸಲ. ಅಳ್ಳಾಡುತ್ತಿದ್ದ ನಾಲ್ಕು ಹಲ್ಲುಗಳಲ್ಲಿ ಎರಡನ್ನು ಉಳಿಸಲಾಗಲಿಲ್ಲ. ಹೋದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಆದರೆ ಕುಡಿತ ನಿಂತ ಕೆಲವೇ ವಾರಗಳಲ್ಲಿ ಗೌಂಡಿ ಮತ್ತೆ ಕೆಲಸಕ್ಕೆ ಇಳಿಯುತ್ತಾನೆ. ಒಸಡಿನ ಕೆಳಗಿನ ಕಲ್ಲನ್ನು ಕೆರೆದು ತೆಗೆದೆವು. ಆರು ತಿಂಗಳಾದ ಮೇಲೆ ಹೊಸ ಎಕ್ಸ್‌ರೇ ತೆಗೆದು, ಹಳೆಯದರ ಪಕ್ಕ ಕಿಟಕಿಯ ಬೆಳಕಿಗೆ ಹಿಡಿದೆ. ಎಲುಬಿನ ಅಂಚು ಎಲ್ಲಿತ್ತೋ ಅಲ್ಲೇ ಇತ್ತು. ಹೆಂಡತಿ ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಹಂಗಾರ ಚಾಪುಡಿ ತರಲೇನ್ರಿ?”

ತನ್ನಿ ಅಂದೆ.

ಬಾಟಲಿ ಈಗ ಯಾರ ಕೈಯಲ್ಲಿದೆ? ಇತ್ತ ಕೊಡಿ ಅವ್ವಾ. ಟಾರ್ಚು, ಕನ್ನಡಿ ತಂದಿದ್ದೇನೆ. ಮುಂದಿನ ಸಾಲಿನಿಂದ ಒಬ್ಬೊಬ್ಬರೇ ಬನ್ನಿ, ಬಾಗಿಲ ಹತ್ತಿರದ ಅಣ್ಣಂದಿರೂ ಹೋಗಬೇಡಿ.