ಕಾಲನ್ನು ಬೈಯಬೇಡಿ, ಸೊಂಟದ ಸೀಸವನ್ನು ನೋಡಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿ ಹೊರಟರೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ನನ್ನ ಕಣ್ಣು ಹೋಗುವುದು ಸ್ಕೂಬಾ ಡೈವಿಗೆ ಸಿದ್ಧರಾಗುವವರ ಸೊಂಟಪಟ್ಟಿಯ ಮೇಲೆ. ಮುಳುಗಲೆಂದು ಅದಕ್ಕೆ ಕಟ್ಟಿದ ಸೀಸದ ತುಂಡುಗಳನ್ನು ಎಣಿಸಿದರೆ, ನೀರಿನೊಳಗೆ ಯಾರು ಮೀನಿನಂತೆ ಅಡ್ಡಲಾಗಿ ಇರುತ್ತಾರೆ, ಯಾರು ಸೈಕಲ್ ತುಳಿಯುತ್ತಾರೆ ಎಂದು ಬಹುಪಾಲು ಹೇಳಿಬಿಡಬಹುದು. ಟ್ಯಾಂಕ್ ಹಿಡಿದು ಗೈಡ್ ತಿರುಗಾಡಿಸುವ ಫೋಟೋ ಡೈವ್ ಬಿಡಿ. ಕೋರ್ಸ್ ಮುಗಿಸಿದವರ ಮಾತು ನನ್ನದು.

ದೇಹ ಅಡ್ಡಲಾಗಿ, ಮಟ್ಟಸವಾಗಿ ನಿಲ್ಲುವುದಕ್ಕೆ ಟ್ರಿಮ್ ಎನ್ನುತ್ತಾರೆ. ಕಾಲು ಜೋತುಬಿದ್ದವರಿಗೆ ಸಿಗುವ ಉಪದೇಶ ಒಂದೇ: ಕಾಲೆತ್ತಿ, ಬೆನ್ನು ನೆಟ್ಟಗಿಡಿ, ಅಭ್ಯಾಸ ಮಾಡಿ. ಇದಕ್ಕೆ ನನ್ನ ತಕರಾರಿದೆ. ಲೆಕ್ಕ ತಪ್ಪಿರುವುದು ಕಾಲಿನಲ್ಲಲ್ಲ, ಸೀಸದಲ್ಲಿ.

ಕೋರ್ಸ್ ಮುಗಿದ ಹೊಸತರಲ್ಲಿ ನನಗೆ ಹತ್ತು ಕಿಲೋ ಕಟ್ಟಿದರು. ಬೇಗ ಮುಳುಗಲಿ ಎಂಬ ಅವಸರ, ಅಷ್ಟೆ. ಕಲ್ಲಿನಂತೆ ಇಳಿದೆ. ಗಾಬರಿಯಾಗಿ, ತೇಲಲೆಂದು ತೊಡುವ ಜಾಕೆಟ್ಟಿಗೆ ಗಾಳಿ ತುಂಬಿದೆ. ಆ ಗಾಳಿ ಭುಜದ ಕಡೆ ಸೇರಿಕೊಂಡು ಎದೆಯನ್ನು ಮೇಲೆಳೆಯಿತು, ಸೀಸ ಸೊಂಟವನ್ನು ಕೆಳಗೆಳೆಯಿತು. ನಾನು ಬಾವಿಗಿಳಿಸಿದ ಕೊಡದಂತೆ ನೇರವಾಗಿ ನೇತಾಡಿದೆ. ಹಾಗೆ ನಿಂತು ಒದ್ದರೆ ಮುಂದಕ್ಕಲ್ಲ, ಮೇಲಕ್ಕೆ ಹೋಗುತ್ತೇವೆ. ಗಾಳಿ ಬಿಟ್ಟರೆ ಮತ್ತೆ ಕೆಳಕ್ಕೆ. ತಿರುಗಿ ನೋಡಿದರೆ ನನ್ನ ಹಿಂದೆ ಮರಳಿನ ಮೋಡ, ಕಾಲಿಗೆ ತೊಟ್ಟ ಈಜುರೆಕ್ಕೆ (ಫಿನ್) ತಗುಲಿ ಮುರಿದ ಹವಳದ ಕವಲು. ಅದನ್ನು ಈಗಲೂ ಮರೆತಿಲ್ಲ.

10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಜಾಕೆಟ್ಟಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಸೀಸ ಹೆಚ್ಚಿದಷ್ಟು ಗಾಳಿ ಹೆಚ್ಚು ಬೇಕು; ಗಾಳಿ ಹೆಚ್ಚಿದಷ್ಟು ಒಂದು ಮೀಟರ್ ಏರಿಳಿದರೂ ಸಮತೋಲ ತಪ್ಪುತ್ತದೆ.

ಆದ್ದರಿಂದ ಡೈವ್ ಮುಗಿಸಿ ಮೇಲೆ ಬಂದಾಗ, ಟ್ಯಾಂಕಿನಲ್ಲಿ ಕೊನೆಯ 50 ಬಾರ್ ಒತ್ತಡದ ಗಾಳಿ ಮಾತ್ರ ಉಳಿದಿರುವಾಗ, ದೋಣಿಯ ಪಕ್ಕದಲ್ಲೇ ಪರೀಕ್ಷಿಸಿ. ಜಾಕೆಟ್ ಪೂರ್ತಿ ಖಾಲಿ ಮಾಡಿ, ಸಾಮಾನ್ಯ ಉಸಿರು ಹಿಡಿದು, ಕಾಲಾಡಿಸದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ನಿಂತು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಿದರೆ ಸೀಸ ಸರಿಯಾಗಿದೆ. ತುಂಬಿದ ಟ್ಯಾಂಕಿನಲ್ಲಿ ನೋಡಿದರೆ, ಆಗ ಸರಿಯೆನಿಸಿದ್ದಕ್ಕಿಂತ ಸುಮಾರು ಎರಡು ಕಿಲೋ ಹೆಚ್ಚು ಬೇಕು, ಏಕೆಂದರೆ ಉಸಿರಾಡಿ ಮುಗಿಸುವ ಗಾಳಿಗೂ ಅಷ್ಟು ತೂಕವಿದೆ. ಬೆಂಗಳೂರಿನ ಈಜುಕೊಳದಲ್ಲಿ ಮಾಡಿದ ಲೆಕ್ಕವನ್ನು ಸಮುದ್ರಕ್ಕೆ ತರಬೇಡಿ. ಉಪ್ಪುನೀರು ಹೆಚ್ಚು ತೇಲಿಸುತ್ತದೆ.

ನನಗೆ ಆರು ಕಿಲೋ ಸಾಕಾಯಿತು. ಅದರಲ್ಲಿ ಎರಡನ್ನು ಸೊಂಟದಿಂದ ತೆಗೆದು ಟ್ಯಾಂಕಿನ ಮೇಲಿನ ಪಟ್ಟಿಗೆ ಸೇರಿಸಿದೆ. ಕಾಲು ತಾನಾಗಿ ಮೇಲೆದ್ದಿತು. ಎಲ್ಲವನ್ನೂ ಅಲ್ಲಿಗೇ ಕಟ್ಟಬೇಡಿ. ಅಪಾಯದಲ್ಲಿ ಕಳಚಿ ಬಿಡಲು ಸೊಂಟದಲ್ಲಿ ಒಂದಿಷ್ಟು ಇರಲೇಬೇಕು. ಮೊಣಕಾಲು ಮಡಚುವುದು, ಗಲ್ಲ ಎತ್ತಿ ಮುಂದೆ ನೋಡುವುದು, ಇವೆಲ್ಲ ಆಮೇಲಿನ ಮಾತು.

ನಾಲ್ಕು ಕಿಲೋ ಹಿಂದಿರುಗಿಸಿದಾಗ ದೋಣಿಯಲ್ಲಿದ್ದವರು, "ಮುಳುಗದಿದ್ದರೆ ನಮ್ಮನ್ನು ಕೇಳಬೇಡಿ ಸರ್" ಎಂದರು. ಮುಳುಗಿದೆ. ಬಂಡೆಯೊಂದರ ಮೇಲೆ ಮೊಳದಷ್ಟು ಎತ್ತರದಲ್ಲಿ, ಕೈ ಕಟ್ಟಿಕೊಂಡು, ಸಂದಿನಲ್ಲಿ ಅಡಗಿದ್ದ ಹಾವುಮೀನು ತಲೆ ಹೊರಹಾಕುವವರೆಗೂ ಕಾದೆ.