ಪ್ರೂನ್ ಮಾಡಿ, ಪರ್ಜ್ ಬೇಡ

ನಮಸ್ಕಾರ. ಸರ್ವರ್ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆಯೋ, ಇವತ್ತಿನ ಮಾತು ಅವರಿಗೆ. ಬ್ಯಾಕಪ್ ತಂತ್ರಾಂಶ ಬ್ಯಾಕ್ಯುಲಾದ ಕ್ಯಾಟಲಾಗ್ ಊದಿಕೊಂಡು ಡಿಸ್ಕ್ ತುಂಬಿದರೆ ಏನು ಮಾಡಬೇಕು?

ಕ್ಯಾಟಲಾಗ್ ಅಂದರೆ ಖಾತೆ ಪುಸ್ತಕ. ಯಾವ ಫೈಲು ಯಾವತ್ತು ಯಾವ ವಾಲ್ಯೂಮಿಗೆ, ಅಂದರೆ ಬ್ಯಾಕಪ್ ಬರೆಯುವ ಟೇಪು ಅಥವಾ ಡಿಸ್ಕ್ ಫೈಲಿಗೆ, ಹೋಯಿತು ಅನ್ನುವ ಲೆಕ್ಕ. ಜಾಬ್ ಅಂದರೆ ಒಂದು ಸಲದ ಬ್ಯಾಕಪ್ ಕೆಲಸ, ಅದಕ್ಕೆ ಒಂದೇ ಸಾಲು. ಜಾಗ ತಿನ್ನುವುದು ಅದರೊಳಗಿನ ಫೈಲುಗಳ ಸಾಲು. ನೀವೇನೂ ಬರೆಯದಿದ್ದರೆ ಫೈಲ್ ದಾಖಲೆಗೆ 60 ದಿನ, ಜಾಬ್ ದಾಖಲೆಗೆ 180, ವಾಲ್ಯೂಮಿಗೆ 365 ದಿನ ಆಯುಸ್ಸು. ಈ ಅವಧಿ ನೋಡಿಕೊಂಡು ಅಳಿಸುವುದು ಪ್ರೂನ್. ಅವಧಿ ಗಿವಧಿ ನೋಡದೆ ಅಳಿಸುವುದು ಪರ್ಜ್.

ಒಬ್ಬರು ಶುಕ್ರವಾರ ಸಂಜೆ ಬ್ಯಾಕ್ಯುಲಾಕ್ಕೆ ಆಜ್ಞೆ ಕೊಡುವ ಬಿ-ಕನ್ಸೋಲ್ ತೆರೆಯುತ್ತಾರೆ ಅಂದುಕೊಳ್ಳಿ. ಡಿಸ್ಕ್ ತುಂಬಿದೆ, ಮನೆಗೆ ಹೊರಡುವ ಅವಸರ. ಪರ್ಜ್ ವಾಲ್ಯೂಮ್ ಅಂತ ಟೈಪ್ ಮಾಡಿ, ಪಟ್ಟಿಯಲ್ಲಿದ್ದ ಒಂದು ವಾಲ್ಯೂಮ್ ಆರಿಸುತ್ತಾರೆ. ಕ್ಯಾಟಲಾಗ್ ಹಗುರವಾಯಿತು, ಖುಷಿ. ಆ ವಾಲ್ಯೂಮಿನಲ್ಲಿ ಇದ್ದದ್ದು ಹೋದ ತಿಂಗಳ ಫುಲ್ ಬ್ಯಾಕಪ್. ಅಷ್ಟು ಹೊತ್ತಿಗೂ ಡೇಟಾ ಅಲ್ಲೇ ಇದೆ. ಅಳಿಸಿಹೋಗಿದ್ದು ಖಾತೆ ಮಾತ್ರ. ಆಗಲೇ ಎಚ್ಚೆತ್ತು ಬಿ-ಸ್ಕ್ಯಾನ್ ಓಡಿಸಿದ್ದರೆ ವಾಲ್ಯೂಮನ್ನೇ ಓದಿ ಖಾತೆ ಮತ್ತೆ ಬರೆಸಬಹುದಿತ್ತು. ಆದರೆ ವಾಲ್ಯೂಮಿನ ಸ್ಥಿತಿ ‘ಪರ್ಜ್ಡ್’ ಆಗಿದೆ, ರೀಸೈಕಲ್ ಯೆಸ್, ಅಂದರೆ ಮತ್ತೆ ಬಳಸಬಹುದು, ಅಂತಲೂ ಇದೆ. ರಾತ್ರಿಯ ಜಾಬ್ ಖಾಲಿ ವಾಲ್ಯೂಮ್ ಹುಡುಕುತ್ತಾ ಬಂದು, ಅದನ್ನೇ ಎತ್ತಿಕೊಂಡು ಮೊದಲಿನಿಂದ ಬರೆಯಿತು. ಇನ್ನು ಬಿ-ಸ್ಕ್ಯಾನ್ ಓದುವುದೇನನ್ನು? ಅದಕ್ಕೇ ಹೇಳುವುದು: ಪ್ರೂನ್ ಮಾಡಿ, ಪರ್ಜ್ ಬೇಡ.

ತಾನಾಗಿಯೇ ಪ್ರೂನ್ ಮಾಡುವ ಆಟೋಪ್ರೂನ್ ಇದೆಯಲ್ಲ ಅಂತೀರಿ. ಅದು ಕೆಲಸ ಮಾಡುವುದು ಆಯಾ ಕ್ಲೈಂಟಿನ, ಅಂದರೆ ಬ್ಯಾಕಪ್ ಆಗುವ ಯಂತ್ರದ, ಜಾಬ್ ಮುಗಿದಾಗ. ಗುಜರಿಗೆ ಹೋದ ಯಂತ್ರದ ಜಾಬ್ ಓಡುವುದೇ ಇಲ್ಲ, ಅದರ ದಾಖಲೆ ಹಾಗೇ ಕೂತಿರುತ್ತದೆ. ಕಾನ್ಫಿಗ್ ಫೈಲಿನಿಂದ ಅದರ ಹೆಸರು ತೆಗೆಯುವ ಮುನ್ನವೇ ಪ್ರೂನ್ ಫೈಲ್ಸ್, ಆಮೇಲೆ ಪ್ರೂನ್ ಜಾಬ್ಸ್ ಕೊಡಿ. ಫೈಲ್ ದಾಖಲೆ ಹೋದ ಮೇಲೆ ಒಂದೊಂದೇ ಫೈಲು ಆರಿಸಿ ರಿಸ್ಟೋರ್ ಮಾಡಲಾಗದು, ಇಡೀ ಜಾಬನ್ನೇ ತರಬೇಕು. ವಾಲ್ಯೂಮುಗಳ ಗುಂಪಾದ ಪೂಲ್‌ನಲ್ಲಿ ವಾಲ್ಯೂಮಿನ ಅವಧಿ ಬದಲಿಸಿದರೆ ಹಳೆಯ ವಾಲ್ಯೂಮುಗಳಿಗೆ ತಾಗದು. ಅಪ್‌ಡೇಟ್ ವಾಲ್ಯೂಮ್ ಕೊಡಲೇಬೇಕು.

ಸಮಯ ಕಮ್ಮಿ ಇದೆ, ಒಂದೇ ಮಾತು. ನಿಮ್ಮ ಕ್ಯಾಟಲಾಗ್ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದ್ದರೆ, ದಾಖಲೆ ಅಳಿಸಿದ ಮಾತ್ರಕ್ಕೆ ಅದು ಡಿಸ್ಕಿನ ಜಾಗ ವಾಪಸ್ ಕೊಡುವುದಿಲ್ಲ. ವ್ಯಾಕ್ಯೂಮ್ ಫುಲ್ ಕೊಟ್ಟರೆ ಕೊಡುತ್ತದೆ, ಆದರೆ ಟೇಬಲ್ಲಿಗೆ ಬೀಗ ಹಾಕಿ ಹೊಸ ಪ್ರತಿ ಬರೆಯುತ್ತದೆ. ಅಷ್ಟು ಜಾಗ ಖಾಲಿ ಇಟ್ಟುಕೊಂಡು, ಯಾವ ಜಾಬೂ ಓಡದ ಹೊತ್ತಿನಲ್ಲಿ ಮಾಡಿ. ನಮಸ್ಕಾರ.