ಏನು ಕೊಟ್ಟಿದ್ರಿ, ಮುಚ್ಚಿಡದೆ ಹೇಳಿ

ಕೇಳುಗರಿಗೆ ನಮಸ್ಕಾರ.

ನಾನು ಹಾಸನದಲ್ಲಿ ಪಶುವೈದ್ಯೆ. ಊರೊಳಗಿನ ನಾಯಿ, ಬೆಕ್ಕುಗಳು ನನ್ನ ಕ್ಲಿನಿಕ್ಕಿಗೆ ಬರುತ್ತವೆ. ಸಕಲೇಶಪುರ, ಬೇಲೂರು, ಆಲೂರಿನ ಕಡೆಯಿಂದ ತೋಟದ ನಾಯಿಗಳನ್ನು ಜೀಪಿನಲ್ಲಿ ಹಾಕಿಕೊಂಡು ಬರುತ್ತಾರೆ. ಹಸು ಮಲಗಿಬಿಟ್ಟಿದೆ ಅಂತ ಫೋನ್ ಬಂದರೆ ನಾನೇ ಹಳ್ಳಿಗೆ ಹೋಗುತ್ತೇನೆ. ಪ್ರಾಣಿ ಯಾವುದೇ ಇರಲಿ, ನನ್ನ ಕೆಲಸ ಶುರುವಾಗುವುದು ಅದನ್ನು ಕರೆತಂದವರ ಜೊತೆ ಮಾತಾಡುವುದರಿಂದ. ಎಲ್ಲಿ ನೋವು, ಯಾವಾಗಿಂದ ನೋವು ಅಂತ ನಾಯಿ ಹೇಳೋದಿಲ್ಲ. ಮನೆಯವರೇ ಹೇಳಬೇಕು. ಆ ಮಾತು ಸರಿಯಾಗಿ ನಡೆಯದೆ ಸಾಕಿದ ಪ್ರಾಣಿಯನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡೆ.

ಒಂದು ಸಲ ಗಂಡ ಹೆಂಡತಿ, ಜೊತೆಗೆ ಅವರ ಪುಟ್ಟ ಮಗಳು, ಬೆಕ್ಕೊಂದನ್ನು ತರಕಾರಿ ಬ್ಯಾಗಿನಲ್ಲಿಟ್ಟುಕೊಂಡು ಬಂದರು. ಬೆಕ್ಕಿನ ಮುಖ ಊದಿತ್ತು. ಮುಂಗಾಲಿನ ಪಾದಗಳೂ ಊದಿದ್ದವು. ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ಒಸಡು ಕಾಫಿ ಪುಡಿಯ ಬಣ್ಣಕ್ಕೆ ತಿರುಗಿತ್ತು. "ಜ್ವರದ ಮಾತ್ರೆ ಏನಾದರೂ ಕೊಟ್ಟಿದ್ರಾ?" ಅಂತ ಕೇಳಿದೆ. "ಇಲ್ಲ ಡಾಕ್ಟ್ರಮ್ಮ, ಏನೂ ಕೊಟ್ಟಿಲ್ಲ" ಅಂದರು ಇಬ್ಬರೂ. ಮಗಳು ಅಮ್ಮನ ಸೆರಗು ಎಳೆದಳು. "ಅಮ್ಮ, ರಾತ್ರಿ ಮಾತ್ರೆ ಪುಡಿ ಮಾಡಿ ಹಾಲಲ್ಲಿ ಕುಡಿಸಿದ್ಯಲ್ಲ" ಅಂದಳು. ಅರ್ಧ ಪ್ಯಾರಸಿಟಮಾಲ್. ಬೆಕ್ಕಿನ ಮೈ ಬಿಸಿ ಅನ್ನಿಸಿದೆ, ಮಕ್ಕಳಿಗೆ ಕೊಡೋ ಮಾತ್ರೆ ತಾನೇ ಅಂತ ಕೊಟ್ಟಿದ್ದಾರೆ.

ಪ್ಯಾರಸಿಟಮಾಲನ್ನು ಅರಗಿಸಿ ಹೊರಗೆ ಹಾಕುವ ಶಕ್ತಿ ನಮ್ಮ ಲಿವರಿಗಿದೆ. ಬೆಕ್ಕಿನ ಲಿವರಿಗೆ ಅದು ತೀರಾ ಕಡಿಮೆ. ಔಷಧಿಯೇ ವಿಷವಾಗಿ ರಕ್ತ ಕೆಡುತ್ತದೆ. ಕೆಟ್ಟ ರಕ್ತ ಆಮ್ಲಜನಕ ಹೊರುವುದಿಲ್ಲ. ಒಸಡು ಕಂದು ಬಣ್ಣಕ್ಕೆ ತಿರುಗುವುದು ಅದರಿಂದಲೇ. 500 ಮಿಲಿಗ್ರಾಂನ ಒಂದು ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಹುದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನೋ ಮದ್ದಿದೆ, ಆದರೆ ಎಷ್ಟು ಬೇಗ ಕೊಡುತ್ತೇವೋ ಅಷ್ಟು ಒಳ್ಳೆಯದು. ಬೆಕ್ಕು ಉಳಿಯಿತು. ಮಗು ಬಾಯಿಬಿಟ್ಟಿದ್ದಕ್ಕೆ ಉಳಿಯಿತು.

ಆ ತಂದೆ ತಾಯಿ ಕೆಟ್ಟವರೇನಲ್ಲ. ಬೈತಾರೆ ಅನ್ನೋ ಹೆದರಿಕೆ, ಅಷ್ಟೇ. ಈ ಹೆದರಿಕೆ ಹುಟ್ಟಿಸಿದ್ದರಲ್ಲಿ ವೈದ್ಯರ ಪಾಲೂ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. "ಯಾರ್ರೀ ನಿಮಗೆ ಕೊಡೋಕೆ ಹೇಳಿದ್ದು?" ಅಂತ ಒಂದು ಸಲ ರೇಗಿದರೆ ಸಾಕು, ಆ ಮನೆಯವರು ಮುಂದೆ ನಿಜ ಹೇಳೋದಿಲ್ಲ. ಪಕ್ಕದ ಬೆಂಚಿನಲ್ಲಿ ಕೂತು ಕೇಳಿಸಿಕೊಂಡವರೂ ಹೇಳೋದಿಲ್ಲ. ನಮ್ಮ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆಯಲ್ಲ, ಅಲ್ಲಿ ಓದುವ ಹುಡುಗ ಹುಡುಗಿಯರು ಸಿಕ್ಕಾಗ ನಾನು ಇದನ್ನೇ ಹೇಳುತ್ತೇನೆ. "ಏನಾದರೂ ಕೊಟ್ರಾ?" ಅಂತ ಕೇಳಬೇಡಿ, "ಇಲ್ಲಿಗೆ ಬರೋ ಮುಂಚೆ ಏನೇನು ಕೊಟ್ಟು ನೋಡಿದ್ರಿ?" ಅಂತ ಕೇಳಿ. ಎಲ್ಲರೂ ಏನೋ ಒಂದು ಕೊಟ್ಟಿರುತ್ತಾರೆ, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ ಅಂತ ಅವರಿಗೆ ಗೊತ್ತಾಗಬೇಕು.

ಹಳ್ಳಿಯಲ್ಲಿ ಮುಚ್ಚಿಡುವುದು ಗೊಟ್ಟದ, ಅಂದರೆ ದನದ ಬಾಯಿಗೆ ಔಷಧಿ ಹೊಯ್ಯುವ ಕೊಳವೆಯ ವಿಷಯವನ್ನು. ಸೀಮೆ ಹಸು ಕರು ಹಾಕಿ ಒಂದೆರಡು ದಿನಕ್ಕೆ ಮಲಗಿಬಿಡುತ್ತದೆ. ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಹೊಟ್ಟೆಗೆ ಒರಗಿಸಿಕೊಂಡಿರುತ್ತದೆ. ಕಿವಿ ಮುಟ್ಟಿದರೆ ತಣ್ಣಗೆ. ಹಾಲು ಜಾಸ್ತಿ ಕೊಡುವ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಒಮ್ಮೆಲೇ ಇಳಿದುಬಿಟ್ಟಿರುತ್ತದೆ. ಇದನ್ನೇ ಹಾಲು ಜ್ವರ ಅನ್ನುತ್ತೇವೆ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬಿಟ್ಟರೆ ಎಷ್ಟೋ ಹಸು ನಮ್ಮ ಕಣ್ಣೆದುರೇ ಎದ್ದು ನಿಲ್ಲುತ್ತವೆ. ನೋಡೋಕೆ ಅಷ್ಟು ಸಂತೋಷ ಕೊಡುವ ಚಿಕಿತ್ಸೆ ನಮ್ಮ ಕಸುಬಿನಲ್ಲಿ ಬೇರೆ ಇಲ್ಲ.

ಆದರೆ ನಾವು ಹೋಗೋಷ್ಟರಲ್ಲಿ ಮನೆಯವರು ಸುಮ್ನೆ ಕೂತಿರುವುದಿಲ್ಲ. ಇಬ್ಬರು ತಲೆ ಎತ್ತಿ ಹಿಡಿದು, ನಾಲಿಗೆ ಪಕ್ಕಕ್ಕೆ ಎಳೆದು, ಗೊಟ್ಟದಲ್ಲಿ ಬೆಲ್ಲದ ನೀರೋ ಎಣ್ಣೆಯೋ ಕಷಾಯವೋ ಕುಡಿಸಿರುತ್ತಾರೆ. ಹಾಲು ಜ್ವರ ಬಂದ ಹಸುವಿಗೆ ನುಂಗುವ ಶಕ್ತಿಯೇ ಇರಲ್ಲ. ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಕ್ಯಾಲ್ಸಿಯಂ ಕೊಟ್ಟ ಮೇಲೆ ಹಸು ಎದ್ದು ನಿಲ್ಲುತ್ತದೆ, ಎಲ್ಲರೂ ಕೈ ಮುಗಿಯುತ್ತಾರೆ, ಒಂದೆರಡು ದಿನಕ್ಕೆ ನ್ಯುಮೋನಿಯಾ ಆಗಿ ಸಾಯುತ್ತದೆ. ಗೊಟ್ಟ ಹಾಕಿದ್ದೆವು ಅಂತ ಆಗಲೇ ಹೇಳಿದ್ದರೆ ಶ್ವಾಸಕೋಶದ ಕಡೆಗೂ ಗಮನ ಕೊಡಬಹುದಿತ್ತು. ಇನ್ನೊಂದು, ಬೇರೆಯವರಿಂದ ಇಂಜೆಕ್ಷನ್ ಕೊಡಿಸಿದ್ದರೆ ಅದನ್ನೂ ಹೇಳಿ. ಆಗಲೇ ಒಂದು ಬಾಟಲಿ ಕ್ಯಾಲ್ಸಿಯಂ ಹೋಗಿದ್ದು ಗೊತ್ತಿಲ್ಲದೆ ನಾನು ಮತ್ತೊಂದು ಕೊಟ್ಟರೆ ಹೃದಯವೇ ನಿಂತುಹೋಗಬಹುದು. ಹಸುವನ್ನು ಸಾಗಿಸಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಪಶು ಸಂಜೀವಿನಿ ಸಹಾಯವಾಣಿ. ಡಾಕ್ಟರು ಬರೋವರೆಗೆ ಹಸುವನ್ನು ಎದೆಯ ಮೇಲೆ ಕೂರುವ ಹಾಗೆ ಹುಲ್ಲಿನ ಮೂಟೆ ಒತ್ತು ಕೊಟ್ಟು ಇರಿಸಿ. ಬಾಯಿಗೆ ಏನೂ ಹಾಕಬೇಡಿ.

ತೋಟದ ನಾಯಿಗಳದ್ದು ಬೇರೆಯೇ ಕಥೆ. ಅಲ್ಲಿ ಯಾರೂ ಮುಚ್ಚಿಡಲ್ಲ, ಆದರೆ ಗೊತ್ತಿರುವವರು ಜೀಪಿನಲ್ಲಿ ಬಂದಿರುವುದಿಲ್ಲ. ಮಳೆಗಾಲದಲ್ಲಿ ಬಸವನಹುಳುವಿನ ಕಾಟಕ್ಕೆ ಮೆಟಾಲ್ಡಿಹೈಡ್ ಗುಳಿಗೆ ಹಾಕುತ್ತಾರೆ. ಆ ಗುಳಿಗೆಯ ವಾಸನೆ, ರುಚಿ ನಾಯಿಗೂ ಇಷ್ಟ. ತಿಂದು ಕೆಲವೇ ಗಂಟೆಯಲ್ಲಿ ಮೈಯೆಲ್ಲ ನಡುಕ, ಜ್ವರ ಏರಿ ಫಿಟ್ಸ್. ಕೀಟನಾಶಕ ನೆಕ್ಕಿದ ನಾಯಿಯೂ ಹೀಗೇ ನಡುಗುತ್ತದೆ, ಜೊಲ್ಲು ಸುರಿಸುತ್ತದೆ. ಹೊರಗಿಂದ ನೋಡೋಕೆ ಎರಡೂ ಒಂದೇ ಥರ, ಚಿಕಿತ್ಸೆ ಮಾತ್ರ ಬೇರೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕವಾದರೆ ಅಟ್ರೋಪಿನ್ ಜೀವ ಉಳಿಸುತ್ತದೆ. ಮೆಟಾಲ್ಡಿಹೈಡಿಗೆ ಅಂಥ ಮದ್ದಿಲ್ಲ, ಫಿಟ್ಸ್ ಹಿಡಿತಕ್ಕೆ ತಂದು ಹೊಟ್ಟೆ ತೊಳೆದು ಕಾಯಬೇಕು. ಇಲಿ ಪಾಷಾಣದಲ್ಲಿ ಕೆಲವಂತೂ ತಿಂದ ಮೂರು ನಾಲ್ಕು ದಿನದ ಮೇಲೆ ರಕ್ತ ಸುರಿಸುತ್ತವೆ, ಅದಕ್ಕೆ ವಿಟಮಿನ್ ಕೆ ಬೇಕು.

"ತೋಟದಲ್ಲಿ ಏನು ಹಾಕಿದ್ರಿ?" ಅಂದರೆ ಮಾಲೀಕರು "ಗೊತ್ತಿಲ್ಲ, ನಾನು ಬೆಂಗಳೂರಿಂದ ನಿನ್ನೆ ಬಂದೆ" ಅನ್ನುತ್ತಾರೆ. ಆಗ ನಾನು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೆ ಫೋನ್ ಹಚ್ಚಿಸುತ್ತೇನೆ. ರೈಟರು ಲೈನ್ ಮನೆಗಳಲ್ಲಿರುವ ಕೆಲಸದ ಹೆಂಗಸರನ್ನು ಕೇಳುತ್ತಾರೆ. "ಬೆಳಿಗ್ಗೆ ಕೆಳಗಿನ ಪಟ್ಟೆಯಲ್ಲಿ ಹುಳದ ಗುಳಿಗೆ ಹಾಕಿದ್ವಿ" ಅಂತ ಉತ್ತರ ಬರುತ್ತದೆ. ನಾಯಿಗೆ ದಿನಾ ಅನ್ನ ಹಾಕುವವರು, ಅದರ ಜೊತೆ ಓಡಾಡುವವರು ಅವರೇ. ಅವರಿಗೆ ಗೊತ್ತಿರುವಷ್ಟು ಮಾಲೀಕರಿಗೆ ಗೊತ್ತಿರಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ, ನಾಯಿಯನ್ನು ನೋಡಿಕೊಳ್ಳುವವರನ್ನೇ ಕರೆದುಕೊಂಡು ಬನ್ನಿ. ವಿಷದ ಅನುಮಾನ ಇದ್ದರೆ ಖಾಲಿ ಪ್ಯಾಕೆಟ್, ಡಬ್ಬಿ ಏನು ಸಿಕ್ಕರೂ ತನ್ನಿ.

ರಾತ್ರಿ ಹೊತ್ತು ವಾಟ್ಸಾಪಿನಲ್ಲಿ ನಾಯಿಯ ಫೋಟೊ ಕಳಿಸಿ "ಮೇಡಂ, ಒಂದು ಮಾತ್ರೆ ಹೆಸರು ಹೇಳಿ" ಅನ್ನುವವರು ತುಂಬಾ ಜನ. ಫೋಟೊದಲ್ಲಿ ಕಾಯಿಲೆ ಕಾಣಲ್ಲ. ಆದರೆ ಫೋನಿನಿಂದ ಉಪಯೋಗವೇ ಇಲ್ಲ ಅಂತಲ್ಲ. ಫಿಟ್ಸ್ ಬಂದಾಗ, ವಿಚಿತ್ರವಾಗಿ ಕೆಮ್ಮಿದಾಗ ವಿಡಿಯೊ ಮಾಡಿಟ್ಟುಕೊಂಡರೆ ನನಗೆ ಅದೇ ದೊಡ್ಡ ಸಹಾಯ. ಕ್ಲಿನಿಕ್ಕಿಗೆ ಬಂದ ಮೇಲೆ ನಾಯಿ ಕೆಮ್ಮೋದೇ ಇಲ್ಲ. ಮತ್ತೆ, ಫೋನ್ ಮಾಡುವ ಮುಂಚೆ ತುಟಿ ಎತ್ತಿ ಒಸಡು ನೋಡಿ. ಬೆರಳಿಂದ ಒತ್ತಿ ಬಿಡಿ. ಬಿಳುಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಒಸಡೇ ಕಪ್ಪಗಿರುವ ನಾಯಿಯಾದರೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗಡೆ ನೋಡಿ. ನಮ್ಮ ಮಲೆನಾಡಿನ ಕಡೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಜಾಸ್ತಿ. ಉಣ್ಣೆಯಿಂದ ಬರುವ ಜ್ವರದಲ್ಲಿ ಆ ಜಾಗ ಸುಣ್ಣದ ಹಾಗೆ ಬೆಳ್ಳಗಾಗಿರುತ್ತದೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದಿರುತ್ತದೆ. ಅಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ದುಡ್ಡಿನ ಮಾತು ಎತ್ತೋಕೆ ಎರಡೂ ಕಡೆ ಸಂಕೋಚ. ಖರ್ಚು ಎಷ್ಟಾಗಬಹುದು ಅಂತ ಮೊದಲೇ ಕೇಳಿ, ಅದು ನಿಮ್ಮ ಹಕ್ಕು. "ಇಷ್ಟೇ ಆಗೋದು ನನ್ನ ಕೈಲಿ" ಅಂತ ಹೇಳಿದರೆ ಅಷ್ಟರಲ್ಲಿ ಏನು ಮಾಡಬಹುದು ಅಂತ ನಾವು ಯೋಚಿಸುತ್ತೇವೆ. ಹೇಳದೆ ಮೂರನೇ ದಿನ ಚಿಕಿತ್ಸೆ ನಿಲ್ಲಿಸಿಬಿಟ್ಟರೆ ಹಾಕಿದ ದುಡ್ಡೂ ಹೋಯಿತು, ಪ್ರಾಣಿಯೂ ಹೋಯಿತು. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟು "ಇಷ್ಟು ದಿನ ಡೈರಿಗೆ ಹಾಲು ಹಾಕಬೇಡಿ" ಅಂದಾಗ ರೈತರ ಮುಖ ಸಪ್ಪಗಾಗುವುದು ನನಗೆ ಅರ್ಥವಾಗುತ್ತದೆ. ಆ ಹಾಲಿನ ದುಡ್ಡಲ್ಲೇ ಮನೆ ನಡೆಯಬೇಕು. ಆದರೂ ಔಷಧಿ ಸೇರಿದ ಆ ಹಾಲು ಯಾರದೋ ಮಗುವಿನ ಹೊಟ್ಟೆಗೆ ಹೋಗುವಂಥದ್ದು, ಹಾಗಾಗಿ ಈ ಮಾತಿನಲ್ಲಿ ನಾನು ರಿಯಾಯಿತಿ ಕೊಡಲ್ಲ.

ಕೆಲವು ಸಲ ಚಿಕಿತ್ಸೆಯ ದಾರಿ ಮುಗಿದಿರುತ್ತದೆ. ವಯಸ್ಸಾದ ನಾಯಿ, ಎರಡೂ ಕಿಡ್ನಿ ಹೋಗಿವೆ. "ನಿಮ್ಮ ನಾಯಿ ಆಗಿದ್ರೆ ಏನು ಮಾಡ್ತಿದ್ರಿ ಡಾಕ್ಟ್ರೇ?" ಅಂತ ಕೇಳುತ್ತಾರೆ. ನಾನು ನೇರವಾಗಿಯೇ ಉತ್ತರ ಕೊಡುತ್ತೇನೆ. ಊಟದ ತಟ್ಟೆಯ ಹತ್ತಿರ ತಾನಾಗಿ ಬರುತ್ತಾ? ಮೂತ್ರಕ್ಕೆ ಎದ್ದು ಹೊರಗೆ ಹೋಗುತ್ತಾ? ನಿಮ್ಮ ದನಿ ಕೇಳಿದರೆ ಬಾಲ ಆಡಿಸುತ್ತಾ? ಮೂರಕ್ಕೂ ಇಲ್ಲ ಅನ್ನುವ ದಿನಗಳೇ ಜಾಸ್ತಿಯಾದರೆ, ನನ್ನ ನಾಯಿಗೂ ದಯಾಮರಣ ಕೊಡುತ್ತಿದ್ದೆ ಅನ್ನುತ್ತೇನೆ. "ಪಾಪ ಬರಲ್ವಾ?" ಅಂತ ಅಳುತ್ತಾರೆ. ನರಳುತ್ತಿದ್ದ ಜೀವಕ್ಕೆ ನೋವು ತಪ್ಪಿಸಿದ್ದು ಪಾಪ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅವತ್ತು ನಾನು ಆತುರ ಮಾಡಲ್ಲ, ಮನೆಗೆ ಹೋಗಿ ಎಲ್ಲರೂ ಕೂತು ಮಾತಾಡಿ ಬನ್ನಿ ಅನ್ನುತ್ತೇನೆ. ಮಕ್ಕಳಿಗೂ ಹೇಳಿ. "ಟಾಮಿ ಮಾವನ ತೋಟಕ್ಕೆ ಹೋಗಿದೆ" ಅಂತ ಸುಳ್ಳು ಹೇಳಿದರೆ ಮಗು ವಾಪಸ್ ಬರುತ್ತೆ ಅಂತ ಕಾಯುತ್ತದೆ. ಸತ್ಯ ತಡೆದುಕೊಳ್ಳುವ ಶಕ್ತಿ ಮಕ್ಕಳಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ.

ಕೊನೆಗೆ ರೇಬೀಸ್ ವಿಷಯ. ಇಲ್ಲಿ ಮಾತು ಮುಚ್ಚಿಟ್ಟರೆ ಮನುಷ್ಯರ ಪ್ರಾಣಕ್ಕೇ ಬರುತ್ತದೆ.

"ನಾಯಿಗೆ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ, ಬಾಯಿ ಮುಚ್ಚೋಕೆ ಆಗ್ತಿಲ್ಲ" ಅಂತ ತರುತ್ತಾರೆ. ಕೆಳದವಡೆ ಜೋತುಬಿದ್ದಿರುತ್ತದೆ, ಜೊಲ್ಲು ಸುರಿಯುತ್ತಿರುತ್ತದೆ. ಹುಚ್ಚುನಾಯಿ ಅಂದರೆ ಬೀದಿಯಲ್ಲಿ ಓಡಾಡಿ ಕಂಡಕಂಡವರನ್ನು ಕಚ್ಚೋದು ಅಂತ ಎಲ್ಲರ ಲೆಕ್ಕ. ಸುಮ್ಮನೆ ಮೂಲೆ ಹಿಡಿದು ಮಲಗುವ ರೇಬೀಸೂ ಇದೆ. ಹಸುವಿಗೆ ಬಂದರೆ ಅದು ಒಂದೇ ಸಮ ಕೂಗುತ್ತದೆ, ಸ್ವರ ಒಡೆದಿರುತ್ತದೆ, ನೀರು ಇಳಿಯಲ್ಲ. ಗಂಟಲಿಗೆ ಏನೋ ಸಿಕ್ಕಿದೆ ಅಂತ ಬಾಯೊಳಗೆ ಕೈ ಹಾಕುತ್ತಾರೆ, ಗೊಟ್ಟ ಹಾಕುತ್ತಾರೆ. "ಬಾಯಿಗೆ ಕೈ ಹಾಕಿದ್ದು ಯಾರ್ಯಾರು?" ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ದಯವಿಟ್ಟು ಹೇಳಿ. ಸಹಾಯಕ್ಕೆ ಬಂದ ಪಕ್ಕದ ಮನೆಯವರ ಹೆಸರನ್ನೂ ಹೇಳಿ. ರೇಬೀಸಿನ ಲಕ್ಷಣ ಶುರುವಾದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು, ಆದರೆ ಅದಕ್ಕೂ ಮುಂಚೆ ಲಸಿಕೆ ತಗೊಂಡರೆ ತಡೆಯಬಹುದು.

ಕಚ್ಚಿದ, ಪರಚಿದ ಜಾಗವನ್ನು, ತರಚಿದ ಗಾಯಕ್ಕೆ ಜೊಲ್ಲು ತಾಗಿದ್ದರೆ ಆ ಜಾಗವನ್ನು, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಮೆತ್ತಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿನ ಡಾಕ್ಟರು "ನಾಯಿ ಕಚ್ಚಿತಾ?" ಅಂತ ಕೇಳಿದರೆ ಬರೀ ಇಲ್ಲ ಅಂತ ಹೇಳಿ ಎದ್ದು ಬರಬೇಡಿ. ಕಚ್ಚಿಲ್ಲ, ಆದರೆ ಬಾಯಿಗೆ ಕೈ ಹಾಕಿದ್ದೆ, ಬೆರಳಲ್ಲಿ ಗಾಯ ಇತ್ತು ಅಂತ ಬಿಡಿಸಿ ಹೇಳಿ. ಸೂಜಿಯ ದಿನಗಳನ್ನು ತಪ್ಪಿಸಬೇಡಿ. ಮನೆಯ ನಾಯಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ ಹಾಕಿಸಿ. ಬರುವಾಗ ಲಸಿಕೆಯ ಪುಸ್ತಕವನ್ನೂ ತನ್ನಿ. "ಹಾಕ್ಸಿದ್ದೀವಿ" ಅನ್ನುವ ಮಾತಿಗಿಂತ ಅದರಲ್ಲಿರುವ ತಾರೀಖು ನನಗೆ ಬೇಕು.

ನಮಸ್ಕಾರ.